ಟಿಕ್ ಅಂತು, ಸಿಡೀಲಿಲ್ಲ

ಹೋದ ಮಳೆಗಾಲದಾಗ ಬೆಂಚಿಗೆ ಬಂದಿದ್ದ ಆ .22 ರೈಫಲ್ ಬಗ್ಗೆ ನಾನಾ ಬರದುಬಿಡ್ತೀನಿ, ಇಲ್ಲಾಂದ್ರ ನಮ್ಮ ಮಾಮಾ ಚಾ ಕುಡಿಯೋವಾಗೆಲ್ಲಾ ಇದನ್ನ ತಗದು ಹೊಸಾ ಹುಡುಗರ ಮುಂದ ನನ್ನ ಮಾನ ಕಳೀತಾರ. ಮಾಮಾ ನಿಪ್ಪಾಣಿಯವರು, ಈ ಪುಣೆ ಅಂಗಡ್ಯಾಗ ನಾ ಹುಟ್ಟೋಕಿಂತ ಮೊದಲಿಂದ ಬಂದೂಕು ರಿಪೇರಿ ಮಾಡ್ಕೋತ ಬಂದಾರ.

ರೈಫಲ್ ಕೋಥ್ರೂಡದ ಒಬ್ಬರು ಕಾಕಾರದ್ದು, ಮೂಲ ಖಾನಾಪುರ ಕಡೆಯವರು. ಅವರ ಅಪ್ಪ ಮೊಲ ಹೊಡೀತಿದ್ರಂತ, 1972ರ ವನ್ಯಜೀವಿ ಕಾಯ್ದೆ ಬಂದ ಮ್ಯಾಲೆ ಅದೆಲ್ಲಾ ಬಂದ್, ಈಗ ವರ್ಷಕ್ಕ ನಾಕು ಸಲ ರೇಂಜಿಗೆ ಒಯ್ದು ಪೇಪರ್ ಟಾರ್ಗೆಟ್ ಹೊಡದು, ಮನಿಗೆ ಬಂದು ಬಿಚ್ಚಿ ಎಣ್ಣಿ ಹಚ್ಚಿ ಇಡ್ತಾರ. ಬೆಲ್ಜಿಯಂದ ಬ್ರೌನಿಂಗ್ ಸೆಮಿ ಆಟೋ, ಜಾನ್ ಬ್ರೌನಿಂಗ್ ಡಿಸೈನು, 1914ರಿಂದ ಹೆರ್ಸ್ಟಾಲ್‌ನಾಗ ಎಫ್‌ಎನ್ ಕಂಪನಿಯವರು ಮಾಡಿದ್ದು. ಸ್ಟಾಕಿನ, ಅಂದ್ರ ಹೆಗಲಿಗೆ ಆನಿಸೋ ಕಟಗಿಯ ಒಳಗ ಟ್ಯೂಬ್, 11 ರೌಂಡ್ (ಗುಂಡು) ಹಿಡೀತಾವು, ಸುಟ್ಟ ಮ್ಯಾಲೆ ಉಳಿಯೋ ಖಾಲಿ ಕೇಸು ಕೆಳಗಿಂದ ಬೀಳ್ತಾವು. ಬ್ಯಾರಲ್ ಕಾಲು ಸುತ್ತು ತಿರುವಿದ್ರ ಎರಡು ತುಂಡಾಗಿ ಚೀಲದಾಗ ಕುಂದರ್ತೈತಿ. ಎಷ್ಟ್ ಚೆಂದ ಐತಿ ಅಂದ್ರ ಕೈಗೆ ತಗೊಂಡ್ರ ಕೆಳಗ ಇಡಾಕ ಮನಸಾಗೂದಿಲ್ಲ.

ಕಂಪ್ಲೇಂಟು, ಹತ್ತರಾಗ ಮೂರು ರೌಂಡ್ ಟಿಕ್ ಅಂತಾವು, ಸಿಡಿಯೂದಿಲ್ಲ.

ನಾ ಏನ್ ಮಾಡಿದೆ ಅಂದ್ರ ಎಲ್ಲಾರೂ ಮಾಡೋದನ್ನ ಮಾಡಿದೆ. ಬೋಲ್ಟ್ ಬಿಚ್ಚಿದೆ, ಮೇಣದಂಗ ಗಟ್ಟಿಯಾಗಿದ್ದ ಹಳೇ ಎಣ್ಣಿ ತಗದೆ, ರೌಂಡ್ ಕುಂದ್ರೋ ಚೇಂಬರಿಗೆ ಬ್ರಷ್ ಹೊಡದೆ. ಎರಡು ದಿನ ಹೋತು. ರೇಂಜಿಗೆ ಒಯ್ದ್ರ ಮತ್ತ ಟಿಕ್. ಆವಾಗ ದೊಡ್ಡ ಮನಷ್ಯಾನಂಗ "ಕಾಕಾ, ನಿಮ್ಮ ರೌಂಡ್ ಹಳೇವು ಅದಾವ್ರಿ" ಅಂದೆ. ಪಾಪ ಅವರು ಲೈಸೆನ್ಸ್ ಪುಸ್ತಕ ಹಿಡಕೊಂಡು ಹೊಸಾ ಡಬ್ಬಿ ತಂದ್ರು. ನೋಡ್ರಿ, 1869ರಿಂದ ಖಡಕಿಯೊಳಗ ಮದ್ದುಗುಂಡಿನ ಫ್ಯಾಕ್ಟರಿ ಇರೋ ಊರು ನಮ್ಮದು, ಆದ್ರ ನಾವು ಒಂದೊಂದು ಟೆಸ್ಟ್ ರೌಂಡಿಗೂ ರಜಿಸ್ಟರಿನಾಗ ಲೆಕ್ಕ ಬರೀಬೇಕು, ಅಂಗಡಿ ಮಾಲಕ ಸೇಠ್ ಅದರ ಮ್ಯಾಲೆ ಕನ್ನಡಕ ಇಟ್ಕೊಂಡು "ಇಷ್ಟ್ಯಾಕ ಸುಟ್ಟಿ?" ಅಂತ ಕೇಳ್ತಾರ. ಮೈಕ್ರೋಮೀಟರ್ ಕೊಡಸ್ರಿ ಅಂದ್ರ ಮಾತ್ರ ಕಿವಿ ಕೇಳೂದಿಲ್ಲ.

ಹೊಸಾ ಡಬ್ಬಿಯ ನಾಕನೇ ರೌಂಡ್. ಟಿಕ್.

ನಾ ಅಲುಗಾಡ್ಲಿಲ್ಲ. ನಳಿಗಿ ಟಾರ್ಗೆಟ್ ಕಡೆನ ಇಟ್ಟು ಮೂವತ್ತು ಎಣಿಸಾಕ ಹತ್ತಿದೆ, ಯಾಕಂದ್ರ ಒಮ್ಮೊಮ್ಮೆ ತಡಮಾಡಿ ಸಿಡೀತೈತಿ. ಹನ್ನೆರಡು, ಹದಿಮೂರು. ಬೆವರು ಹುಬ್ಬಿನಿಂದ ಇಳದು ಕಣ್ಣಿಗೆ ಬಂತು, ಒರಸಂಗಿಲ್ಲ. ಹಿಂದ ಕಾಕಾ ಉಸಿರು ಬಿಗಿ ಹಿಡದಿದ್ದು ಕೇಳ್ತಿತ್ತು. ಮೂವತ್ತು ಮುಗದ ಮ್ಯಾಲೆ ಬೋಲ್ಟ್ ಎಳದು ರೌಂಡ್ ಕೈಯಾಗ ತಗೊಂಡು ನೋಡಿದ್ರ ಅಂಚಿನ ಮ್ಯಾಲೆ ಪಿನ್ನಿನ, ಅಂದ್ರ ರೌಂಡಿಗೆ ಬಡದು ಸಿಡಸೋ ಮೊಳಿಯ ಗುರುತು ಉಗುರಿನಿಂದ ಗೀಚಿದಂಗ ಅಷ್ಟ ಇತ್ತು. ಪೆಟ್ಟು ಬಲಾ ಇಲ್ಲ, ಅಂದ್ರ ಪಿನ್ ಸವದೈತಿ ಅಂತ ಅಲ್ಲೇ ನಿಂತಲ್ಲೇ ತೀರ್ಪು ಕೊಟ್ಟೆ.

ಇನ್ನೊಂದು ಐತಿ, ಅದು ಇವತ್ತೂ ಚುಚ್ಚತೈತಿ. ಸಿಡಿದ ರೌಂಡುಗಳ ಹೊತ್ತಿನಾಗ ಎಡಗೈ ಮಣಿಕಟ್ಟಿಗೆ ಬೆಚ್ಚಗ ಊದಿದಂಗ ಆಗ್ತಿತ್ತು. ಕೆಳಗಿಂದ ಕೇಸು ಬೀಳೋ ರೈಫಲ್ಲು, ಅಂಗಿ ತೋಳಿನಾಗ ಬಿಸಿ ಕೇಸು ಹೊಕ್ಕೋದು ಇದರ ಹಳೇ ಚಾಳಿ, ಹಂಗ ಇರಬೇಕು ಅಂತ ತೋಳಿನ ಗುಂಡಿ ಹಾಕ್ಕೊಂಡೆ. ಗುಂಡಿ ಹಾಕ್ಕೊಂಡು ಇನ್ನೂ ಹತ್ತು ಸುಟ್ಟೆ! ಕೆಳಗ ಬಿದ್ದ ಕೇಸು ಒಂದನ್ನಾದ್ರೂ ಎತ್ತಿ ನೋಡಬೇಕಿತ್ತಲ್ಲ.

ಒಂಬತ್ತು ದಿನ ಕುಂತು ಹೊಸಾ ಪಿನ್ ಮಾಡಿದೆ. ಅಸಲಿ ಪಾರ್ಟ್ ತರಸೋಣ ಅಂದ್ರ ಸೇಠ್ "ಕೈಲೆ ಮಾಡು" ಅಂದ್ರು. ಕಾನಸ ಹಿಡದು, ಎಣ್ಣಿಕಲ್ಲಿಗೆ ತಿಕ್ಕಿ, ಹದಾ ಹಾಕಿ ಮಾಡಿದ್ದು, ನನಗ ಹೆಮ್ಮೀನೂ ಆಗಿತ್ತು. ಹಳೇದನ್ನ ಕಡ್ಡಿಪೆಟಗ್ಯಾಗ ಇಟ್ಟೆ. ರೇಂಜಿಗೆ ಹೋದ್ರ, ಏನ್ ಹೇಳ್ಲಿ, ಟಿಕ್.

ಮರುದಿನ ಮಾಮಾ ಚಾ ಕಪ್ಪು ಕೆಳಗಿಟ್ಟು ಒಂದು ಕೈಯಾಗ ರಿಸೀವರ್ (ಬೋಲ್ಟ್ ಇರೋ ನಡುವಿನ ಭಾಗ), ಇನ್ನೊಂದ್ರಾಗ ಬ್ಯಾರಲ್ ಹಿಡದು ಅಲುಗಾಡಿಸಿದ್ರು. ಟಕ್ ಟಕ್. ಇಷ್ಟ ಇಷ್ಟು ಸಪ್ಪಳ, ಅಂಗಡಿ ಮುಂದ ರಿಕ್ಷಾ ಹೋಗ್ತಿದ್ರ ಕೇಳಿಸ್ತಿರಲಿಲ್ಲ.

"ಲೇ ತಮ್ಮಾ, ಇದನ್ನ ಎಷ್ಟ್ ಸಲ ಬಿಚ್ಚಿ ಜೋಡಿಸಿದಿ?"

"ಹತ್ತು ಹನ್ನೆರಡು ಸಲ ಆಗಿರಬೇಕ್ರಿ ಮಾಮಾ."

"ಒಮ್ಮೆನೂ ಕೈಗೆ ಸಡ್ಲ ಹತ್ತಲಿಲ್ಲೇನ?"

ಹತ್ತಿತ್ತು. ಹಳೇ ರೈಫಲ್, ಹಿಂಗ ಇರ್ತೈತಿ ಅಂದ್ಕೊಂಡಿದ್ದೆ. ಕಾಕಾ ಮತ್ತ ಅವರ ಅಪ್ಪ ಕೂಡಿ ಐವತ್ತು ವರ್ಷ ಬಿಚ್ಚಿ ಹಾಕಿ ಆ ಜೋಡಣೆ ಸವದಿತ್ತು. ಬ್ಯಾರಲ್ ಕೂದಲೆಳಿಯಷ್ಟು ಮುಂದ ಕುಂತ್ರ ರೌಂಡಿನ ಅಂಚಿಗೂ ಬೋಲ್ಟಿಗೂ ನಡುವ ಸಂದು ಬೀಳ್ತೈತಿ, ಪಿನ್ ಹೊಡದಾಗ ರೌಂಡ್ ಮುಂದ ಸರದು ಅರ್ಧಾ ಪೆಟ್ಟು ನುಂಗ್ತೈತಿ. ಇದಕ್ಕಂತನ ಬ್ರೌನಿಂಗ್ ಬ್ಯಾರಲ್ ಬುಡಕ್ಕ ಒಂದು ಹಲ್ಲಿನ ರಿಂಗ್ ಇಟ್ಟಾನ, ಸವದಂಗ ಸವದಂಗ ಒಂದೊಂದು ಹಲ್ಲು ತಿರುವಿ ಬಿಗಿ ಮಾಡ್ಕೋಬೇಕು. ನಾ ಆ ರಿಂಗನ್ನ ಹತ್ತು ಸಲ ಒರಸೀನಿ, ಡಿಸೈನಿಗೆ ಹಾಕ್ಯಾರ ಅಂದ್ಕೊಂಡು.

ಮಾಮಾ ಎರಡು ಹಲ್ಲು ತಿರುವಿದ್ರು. ಬ್ಯಾರಲ್ ಕುಂತಾಗ ಸಪ್ಪಳ ಇಲ್ಲ. ನನಗ ಮಾತ್ರ ರೇಂಜಿನಿಂದ ಚೀಲದಾಗ ತಂದಿದ್ದ ಖಾಲಿ ಕೇಸು ಸುರಿವ್ಯಾಡೋ ಅಂತ ಅನಿಸ್ತು, ಆದ್ರ ಅವರು ಸುರಿವಿ ಬಿಟ್ರು. ಎರಡು ಕೇಸಿನ ಬುಡ ಉಬ್ಬಿದ್ದು, ಒಂದಂತೂ ಅಂಚಿನ ಹತ್ರ ಸೀಳಿತ್ತು, ಕಪ್ಪು ಹೊಗಿ ಹಿಡದಿತ್ತು. ಮಣಿಕಟ್ಟಿಗೆ ಬೆಚ್ಚಗ ಊದಿದ್ದು ಆ ಸೀಳಿನಿಂದ ಹೊರಬಿದ್ದ ಬಿಸಿ ಹೊಗಿ. ಮಾಮಾ ನನ್ನ ಕಣ್ಣ ನೋಡಿದ್ರು, ಏನೂ ಅನ್ನಲಿಲ್ಲ, ಚಾ ಕುಡದ್ರು.

ಮಾಮಾ ಹೇಳಿದ್ರಂತ ಹಳೇ ಪಿನ್ನನ್ನ ವಾಪಸ್ ಹಾಕಿ ಒಯ್ದೆ. ಎರಡು ಟ್ಯೂಬ್, 22 ರೌಂಡ್, ಒಂದೂ ಟಿಕ್ ಇಲ್ಲ. ಈಗ ಯಾವ ಬಿಚ್ಚೋ ಬ್ಯಾರಲ್ ಬಂದ್ರೂ ಕೀಲು ಬಿಚ್ಚೋಕಿಂತ ಮೊದಲು ಅಲುಗಾಡಸ್ತೀನಿ, ಕೇಸು ಆರಿಸಿ ಒಂದೊಂದಾಗಿ ಬೆಳಕಿಗೆ ಹಿಡೀತೀನಿ, ಸೇಠ್ ಟೈಮ್ ವೇಸ್ಟ್ ಅಂತಾರ, ಅನ್ಲಿ.

ಬಿಲ್ಲಿನಾಗ ಮಾತ್ರ ಸೇಠ್ "ಹೊಸಾ ಪಿನ್" ಅಂತ ಬರದು ರೊಕ್ಕಾ ತಗೊಂಡ್ರು. ಕಾಕಾ ಓದಿ ನಕ್ಕು ರೊಕ್ಕಾ ಕೊಟ್ಟು, "ಹಂಗಿದ್ರ ನನ್ನ ಹೊಸಾ ಪಿನ್ ಎಲ್ಲೈತಿ?" ಅಂತ ಕೈ ಚಾಚಿದ್ರು. ಕಡ್ಡಿಪೆಟಗಿ ಸಮೇತ ಕೊಟ್ಟೆ.