‘ಆಹುತಿ’ ಎಂದು ಬರೆದ ರಾತ್ರಿ

ಜನವರಿ 27ರ ನೈಟ್ ಶಿಫ್ಟ್. ಪತ್ರಿಕೆಯ ವಿದೇಶ ಪುಟ ನನ್ನದು. ಹಾಲೊಕಾಸ್ಟ್, ಅಂದರೆ ನಾಜಿಗಳು ನಡೆಸಿದ ಯಹೂದಿಗಳ ಸಾಮೂಹಿಕ ಹತ್ಯೆ, ಅದರ ಸ್ಮರಣೆ ದಿನದ ಸುದ್ದಿ ಏಜೆನ್ಸಿ ಕಾಪಿಗೆ ಡಬಲ್ ಕಾಲಂ ಹೆಡ್ಡಿಂಗ್ ಕೊಟ್ಟೆ: ‘60 ಲಕ್ಷ ಯಹೂದಿಗಳ ಸರ್ವಾಹುತಿ’. ಜಿಲ್ಲಾ ಎಡಿಷನ್ ಹಾಗೆಯೇ ಪ್ರಿಂಟಿಗೆ ಹೋಯಿತು.

ಆ ಶಬ್ದ ಹೊಳೆದದ್ದಕ್ಕೆ ಬಹಳ ಹಿಗ್ಗಿದ್ದೆ. ‘ಹಾಲೊಕಾಸ್ಟ್’ ಗ್ರೀಕ್ ಮೂಲದ್ದು: ‘ಹೋಲೋಸ್’ ಎಂದರೆ ಪೂರ್ತಿ, ‘ಕೌಸ್ಟೋಸ್’ ಎಂದರೆ ಸುಟ್ಟದ್ದು. ಹಳೆಯ ಗ್ರೀಕ್ ಬೈಬಲ್ಲಿನಲ್ಲಿ ಬಲಿಪ್ರಾಣಿಯನ್ನು ಇಡಿಯಾಗಿ ಸುಟ್ಟು ದೇವರಿಗೆ ಅರ್ಪಿಸುವುದಕ್ಕೆ ಈ ಮಾತು. ಇಂಗ್ಲಿಷಿಗೆ ಬಂದಮೇಲೆ ದೊಡ್ಡ ಬೆಂಕಿ ಅನಾಹುತಕ್ಕೂ ಕಗ್ಗೊಲೆಗೂ ಬಳಕೆಯಾಗಿ, ಎರಡನೇ ಮಹಾಯುದ್ಧದ ನಂತರ ನಾಜಿಗಳ ಕೃತ್ಯದ ಹೆಸರಾಗಿ ನಿಂತಿತು. ಮೂಲಕ್ಕೆ ಇದಕ್ಕಿಂತ ಹತ್ತಿರದ ಕನ್ನಡ ಎಲ್ಲಿದೆ ಅಂದುಕೊಂಡೆ.

ಸಿಟಿ ಎಡಿಷನ್ನಿನ ಪುಟ ಬಿಡಲು ಹನ್ನೆರಡು ನಿಮಿಷವಿತ್ತು. ಚೀಫ್ ಸಬ್ (ಮುಖ್ಯ ಉಪಸಂಪಾದಕರು) ಪ್ರಿಂಟ್‌ಔಟ್ ಹಿಡಿದು ಬಂದು ಹೆಡ್ಡಿಂಗ್ ಮೇಲೆ ಬೆರಳಿಟ್ಟರು. “ಆಹುತಿ ಅಂದ್ರೆ ಕೊಡೋದಲ್ವೇನ್ರೀ? ಇದನ್ನ ಯಾರು ಕೊಟ್ರು? ಯಾವ ದೇವರಿಗೆ?”

ಬಾಯಿ ಕಟ್ಟಿತು. ಅನೇಕ ಯಹೂದಿಗಳು ಇದೇ ಕಾರಣಕ್ಕೆ ‘ಹಾಲೊಕಾಸ್ಟ್’ ಪದ ಬಿಟ್ಟು ಹೀಬ್ರೂವಿನ ‘ಶೋಆ’, ಅಂದರೆ ಮಹಾವಿನಾಶ, ಎನ್ನುತ್ತಾರೆಂದು ಓದಿದ್ದೆ. ಓದಿದ್ದೂ ನೆನಪಾಗಿರಲಿಲ್ಲ. ಗುಂಡಿಕ್ಕಿ, ವಿಷಾನಿಲ ಬಿಟ್ಟು, ಹಸಿವಿಗೆ ಕೆಡವಿ ಕೊಂದವರನ್ನು ನಾನು ಹೋಮಕ್ಕೆ ಹಾಕಿದ್ದೆ.

ಏಳು ನಿಮಿಷ. ‘ನರಮೇಧ’ ಎಂದು ಟೈಪಿಸಿದೆ. ಎಂಟರ್ ಒತ್ತುವ ಮೊದಲೇ ಕೈ ನಿಂತಿತು: ಅಶ್ವಮೇಧದ ‘ಮೇಧ’ವೇ ಇದು, ಮತ್ತೆ ಯಜ್ಞ. ದಿನವೂ ಬಳಸುವ ಶಬ್ದದೊಳಗೂ ಅದೇ ಕೂತಿತ್ತು. ಪೋಲೆಂಡಿನ ಯಹೂದಿ ವಕೀಲ ರಫಾಯೆಲ್ ಲೆಮ್ಕಿನ್ 1944ರಲ್ಲಿ ‘ಜೆನೊಸೈಡ್’ ಎಂಬ ಪದ ಕಟ್ಟಿದಾಗ ಗ್ರೀಕಿನ ಕುಲಕ್ಕೆ ಲ್ಯಾಟಿನ್ನಿನ ಕೊಲೆಯನ್ನು ಜೋಡಿಸಿದ್ದ. ಅದರಲ್ಲಿ ದೇವರಿಲ್ಲ, ಬಲಿಪೀಠವಿಲ್ಲ. ‘60 ಲಕ್ಷ ಯಹೂದಿಗಳ ಹತ್ಯೆ’ ಎಂದು ಮಾಡಿ, ಎರಡು ನಿಮಿಷ ಇರುವಾಗ ಪುಟ ಬಿಟ್ಟೆ.

ಜಿಲ್ಲೆಗಳಿಗೆ ಹೋದದ್ದು ಹೋದದ್ದೇ. ಪ್ರೂಫ್ ವಿಭಾಗ ಮುಚ್ಚಿದ ಮೇಲೆ ಬರೆದವರೇ ಓದಿ ಪುಟ ಬಿಡುವ ಪದ್ಧತಿ. ಇನ್ನೊಬ್ಬರ ಕಣ್ಣು ಬೇಕೆಂದು ಪ್ರತಿ ಮೀಟಿಂಗಿನಲ್ಲಿ ಹೇಳುತ್ತೇವೆ, ಮ್ಯಾನೇಜ್‌ಮೆಂಟ್ ಬರೆದುಕೊಳ್ಳುತ್ತದೆ, ಅಷ್ಟೇ. ಆದರೆ ಆ ಶಬ್ದ ಆರಿಸಿದ್ದು ನಾನು. ಶಬ್ದ ಎಲ್ಲಿಂದ ಹುಟ್ಟಿತೆಂದು ನೋಡಿದೆ, ಯಾರ ಸಾವಿನ ಮೇಲೆ ಇಡುತ್ತಿದ್ದೇನೆಂದು ನೋಡಲಿಲ್ಲ.

ಮುಂದಿನ ವಾರ ಗೋದಾಮಿನ ಬೆಂಕಿ ಸುದ್ದಿ ಬಂತು. ವರದಿಗಾರ ಎಂದಿನಂತೆ ‘ಮೂವರು ಕಾರ್ಮಿಕರು ಬೆಂಕಿಗೆ ಆಹುತಿ’ ಎಂದು ಕಳಿಸಿದ್ದ. ‘ಬೆಂಕಿಯಲ್ಲಿ ಬೆಂದು ಮೂವರು ಕಾರ್ಮಿಕರ ಸಾವು’ ಎಂದು ತಿದ್ದಿದೆ. ಕಾಲಂ ಮೀರಿತು. ಅಕ್ಷರದ ಪಾಯಿಂಟ್ ಇಳಿಸಿದೆ.