ನಂದಿ ಬೆಟ್ಟಕ್ಕೆ ಹೊರಟಿದ್ದೀರಾ? ಮೊದಲು ಕೆಳಗಿನ ಶೃಂಗಿ ತೀರ್ಥ ನೋಡಿ

ನಂದಿ ಅಂದರೆ ಎಲ್ಲರಿಗೂ ಬೆಟ್ಟ, ಮಂಜು, ಸೂರ್ಯೋದಯ. ನಡುರಾತ್ರಿ ಎದ್ದು ಹೊರಡುತ್ತಾರೆ, ಬೆಟ್ಟದ ಬುಡದಲ್ಲಿ ಗಾಡಿಗಳ ಸಾಲಿನಲ್ಲಿ ಕಾಯುತ್ತಾರೆ, ಮೇಲೆ ಹೋಗಿ ಫೋಟೋ ತೆಗೆದು, ಬಿಸಿ ಬಜ್ಜಿ ತಿಂದು ಇಳಿಯುತ್ತಾರೆ. ಇಳಿದ ಮೇಲೆ "ಇಲ್ಲೇ ಯಾವುದೋ ಹಳೇ ದೇವಸ್ಥಾನ ಇದೆಯಂತೆ" ಅಂತ ಭೋಗನಂದೀಶ್ವರನಿಗೆ ಒಂದು ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷದಲ್ಲಿ ಕೈಮುಗಿದು ಬರುವುದಾಗುತ್ತದೆ, ಅಷ್ಟೇ. ಪಕ್ಕದ ಗೋಡೆಯ ಆಚೆ ಒಂದು ಕಲ್ಯಾಣಿ ಇದೆ ಅನ್ನುವುದು ಎಷ್ಟೋ ಜನಕ್ಕೆ ಗೊತ್ತೇ ಆಗುವುದಿಲ್ಲ.

ನಾನು ಚಿಕ್ಕಬಳ್ಳಾಪುರದವಳು. ಮನೆಗೆ ಬಂದ ನೆಂಟರನ್ನೆಲ್ಲ ನಂದಿಗೆ ಕರೆದುಕೊಂಡು ಹೋಗುವ ಕೆಲಸ ಹೇಗೋ ನನ್ನ ಪಾಲಿಗೇ ಬರುತ್ತದೆ. ಅದಕ್ಕೇ ಹೇಳುತ್ತೇನೆ, ಈ ಕ್ರಮವನ್ನು ತಿರುಗಿಸಿ. ಬೆಳಗ್ಗೆ ನಂದಿ ಗ್ರಾಮ, ಆಮೇಲೆ ಬೇಕಿದ್ದರೆ ಬೆಟ್ಟ.

ಸುಮ್ನೆ ಹೇಳುತ್ತಿಲ್ಲ, ಕಾರಣ ಇದೆ. ದೇವಸ್ಥಾನ ಪೂರ್ವಕ್ಕೆ ಮುಖ ಮಾಡಿದೆ. ಬೆಳಗಿನ ಬಿಸಿಲು ನೇರವಾಗಿ ಮುಂದಿನ ಕಂಬಗಳ ಮೇಲೆ ಬೀಳುತ್ತದೆ, ಕೆತ್ತನೆ ಎದ್ದು ಕಾಣುತ್ತದೆ. ಬೆಟ್ಟ ಇರುವುದು ನೈರುತ್ಯಕ್ಕೆ. ಚಳಿಗಾಲದಲ್ಲಿ ಸೂರ್ಯ ಅದರ ಹಿಂದಕ್ಕೇ ಇಳಿಯುವುದರಿಂದ ಇಲ್ಲಿ ಸಂಜೆ ಬೇಗ ಆಗಿಬಿಡುತ್ತದೆ. ಮಧ್ಯಾಹ್ನ ಹೋಗೋಣ ಅಂದರೆ ಕಾಲಿನ ಕಥೆ ಬೇರೆ. ಚಪ್ಪಲಿ ಹೊರಗೇ ಬಿಡಬೇಕು, ಅಂಗಳ ಪೂರ್ತಿ ಕಲ್ಲುಹಾಸು. ಹನ್ನೊಂದು ದಾಟಿದರೆ ನೆರಳಿಂದ ನೆರಳಿಗೆ ಓಡುವುದೇ ಕೆಲಸ. ಒಂದು ಜೊತೆ ಹಳೇ ಕಾಲುಚೀಲ ಬ್ಯಾಗಿನಲ್ಲಿ ಇಟ್ಟುಕೊಳ್ಳಿ, ಆಮೇಲೆ ನನ್ನನ್ನು ನೆನೆಸಿಕೊಳ್ಳುತ್ತೀರಿ. ಎಂಟು ಗಂಟೆಗೆ ಒಳಗಿದ್ದರೆ ಹತ್ತೂವರೆಗೆ ಆರಾಮಾಗಿ ನೋಡಿ ಮುಗಿಸಬಹುದು.

ಹೋಗುವುದು ಕಷ್ಟವಿಲ್ಲ. ಬೆಂಗಳೂರಿನಿಂದ ಸುಮಾರು 60 ಕಿ.ಮೀ. ಹೈದರಾಬಾದ್ ಹೆದ್ದಾರಿಯಲ್ಲಿ ದೇವನಹಳ್ಳಿ ದಾಟಿ ಮುಂದೆ ಬಂದು, ನಂದಿ ಕ್ರಾಸ್‌ನಲ್ಲಿ ಎಡಕ್ಕೆ ತಿರುಗಿದರೆ ಊರು. ಬಸ್ಸಿನಲ್ಲಿ ಬರುವವರು ಚಿಕ್ಕಬಳ್ಳಾಪುರಕ್ಕೇ ಬಂದು, ತಿಂಡಿ ತಿಂದು, ಅಲ್ಲಿಂದ ಇನ್ನೊಂದು ಬಸ್ಸೋ ಆಟೋನೋ ಹಿಡಿಯುವುದು ಒಳ್ಳೆಯದು. ನನಗೆ ಕೇಳಿದರೆ ರೈಲೇ ಚೆಂದ. ಯಲಹಂಕ–ಚಿಕ್ಕಬಳ್ಳಾಪುರ ಮಾರ್ಗದಲ್ಲಿ ನಂದಿ ಹಾಲ್ಟ್ ಅಂತ ಒಂದು ಪುಟ್ಟ ನಿಲ್ದಾಣ ಇದೆ. ನೂರು ವರ್ಷ ದಾಟಿದ ಮಾರ್ಗ ಇದು, ಮೊದಲು ನ್ಯಾರೋಗೇಜ್ ಇತ್ತು. ಇಳಿದರೆ ದೇವಸ್ಥಾನ ನಡೆಯುವಷ್ಟೇ ದೂರ, ಎದುರಿಗೇ ಬೆಟ್ಟ ಕಾಣುತ್ತಿರುತ್ತದೆ. ಆದರೆ ರೈಲುಗಳು ಕಡಿಮೆ, ಭಾನುವಾರದ ವೇಳೆ ಬೇರೆ ಇರಬಹುದು. ವಾಪಸ್ ಬರುವ ರೈಲಿನ ಸಮಯವನ್ನೂ ಮೊದಲೇ ನೋಡಿಕೊಂಡು ಹೊರಡಿ.

ಈ ಸಲ ಜೊತೆಗಿದ್ದವರು ಗುಬ್ಬಿಯ ದೊಡ್ಡಮ್ಮ ಮತ್ತು ಅವರ ಮೊಮ್ಮಗ. ದೊಡ್ಡಮ್ಮನಿಗೆ ಮಂಡಿ ನೋವು, ಹುಡುಗನಿಗೆ ಒಂದು ಕಡೆ ನಿಲ್ಲುವ ಅಭ್ಯಾಸವಿಲ್ಲ. ಇಂಥ ಜೋಡಿಗೆ ನಂದಿ ಗ್ರಾಮ ಹೇಳಿ ಮಾಡಿಸಿದ ಜಾಗ. ಗಾಡಿ ಬಾಗಿಲ ಹತ್ತಿರದವರೆಗೂ ಹೋಗುತ್ತದೆ, ಒಳಗೆ ಎಲ್ಲಿ ಬೇಕಾದರೂ ಜಗಲಿ ಮೇಲೆ ಕೂರಬಹುದು.

ಒಳಗೆ ಹೋದರೆ ಅಕ್ಕಪಕ್ಕದಲ್ಲಿ ಎರಡು ದೊಡ್ಡ ಗುಡಿ. ನಿಮ್ಮ ಎಡಕ್ಕೆ ಅರುಣಾಚಲೇಶ್ವರ, ಬಲಕ್ಕೆ ಭೋಗನಂದೀಶ್ವರ. ಎರಡರ ಮಧ್ಯೆ ಉಮಾಮಹೇಶ್ವರನ ಚಿಕ್ಕ ಗುಡಿ. ಮೂಲ ಕಟ್ಟಡ ಒಂಬತ್ತನೇ ಶತಮಾನದ್ದು. 806ರ ನೊಳಂಬರ ಶಾಸನದಲ್ಲೇ ಈ ದೇವಸ್ಥಾನದ ಮಾತು ಬರುತ್ತದೆ. ಬಾಣ ವಂಶದ ರಾಣಿ ರತ್ನಾವಳಿ ಕಟ್ಟಿಸಿದ್ದು ಅನ್ನುತ್ತಾರೆ. ಆಮೇಲೆ ಗಂಗರು, ಚೋಳರು, ಹೊಯ್ಸಳರು, ವಿಜಯನಗರದವರು ತಂತಮ್ಮ ಕಾಲದಲ್ಲಿ ಕೈಯಾಡಿಸಿದ್ದಾರೆ. ಈಗ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ, ಪೂಜೆಯೂ ನಡೆಯುತ್ತದೆ. ಮಧ್ಯಾಹ್ನ ಗರ್ಭಗುಡಿಯ ಬಾಗಿಲು ಹಾಕಿರಬಹುದು, ಬೆಳಗ್ಗೆಯೇ ಹೋಗಿ ಅನ್ನುವುದಕ್ಕೆ ಅದೂ ಒಂದು ಕಾರಣ.

ಮಂಗಳಾರತಿ ತೆಗೆದುಕೊಂಡ ಮೇಲೆ ಹೊರಗಿನಿಂದ ಒಂದು ಸುತ್ತು ಬನ್ನಿ. ಅರುಣಾಚಲೇಶ್ವರ ಗುಡಿಯ ದಕ್ಷಿಣ ಗೋಡೆಯಲ್ಲಿ ಒಂದು ಕಲ್ಲಿನ ಕಿಟಕಿ ಇದೆ. ಬರೀ ಗಾಳಿ-ಬೆಳಕಿಗೆ ತೂತು ಕೊರೆದದ್ದಲ್ಲ, ಆ ಜಾಲರಿಯಲ್ಲೇ ಶಿವ ಕುಣಿಯುತ್ತಿದ್ದಾನೆ. ಭೋಗನಂದೀಶ್ವರನ ಉತ್ತರ ಗೋಡೆಯ ಕಿಟಕಿಯಲ್ಲಿ ಕೋಣನ ತಲೆಯ ಮೇಲೆ ನಿಂತ ದುರ್ಗೆ. ಹುಡುಗನಿಗೆ "ದುರ್ಗೆ ಎಲ್ಲಿದ್ದಾಳೆ ಹುಡುಕು" ಅಂದೆ, ಹತ್ತು ನಿಮಿಷ ನೆಮ್ಮದಿಯಾಗಿ ಕಳೆಯಿತು. ಮಕ್ಕಳನ್ನು ಕರೆದುಕೊಂಡು ಹೋಗುವವರು ಈ ಉಪಾಯ ಮಾಡಿ. ಅರುಣಾಚಲೇಶ್ವರ ಗುಡಿಯಲ್ಲಿ ಸಿಂಹದ ಮುಖದ ಗಣಪತಿಯೂ ಇದ್ದಾನೆ, ಅವನನ್ನೂ ಹುಡುಕಲು ಹೇಳಿ.

ಉಮಾಮಹೇಶ್ವರನ ಮುಂದಿನ ಕಲ್ಯಾಣ ಮಂಟಪದ ಹತ್ತಿರ ಮಾತ್ರ ಅವಸರ ಮಾಡಬೇಡಿ. ನಾಲ್ಕು ಕರಿಕಲ್ಲಿನ ಕಂಬ. ಶಿವ-ಪಾರ್ವತಿ, ಬ್ರಹ್ಮ-ಸರಸ್ವತಿ, ವಿಷ್ಣು-ಲಕ್ಷ್ಮಿ, ಅಗ್ನಿ-ಸ್ವಾಹಾದೇವಿ, ಹೀಗೆ ದಂಪತಿಗಳೇ. ಅವರ ಸುತ್ತ ಬಳ್ಳಿ, ಬಳ್ಳಿಯ ನಡುವೆ ಹಕ್ಕಿಗಳು. ಕಣ್ಣನ್ನು ಕಂಬಕ್ಕೆ ಒಂದು ಅಡಿ ಹತ್ತಿರ ತಂದು ನೋಡಿದರೆ ಬಳ್ಳಿಯ ಸುರುಳಿಗಳು ಒಂದರೊಳಗೊಂದು ಹೇಗೆ ನುಸುಳಿವೆ ಅಂತ ಕಾಣುತ್ತದೆ. ದೂರದಿಂದ ಅದೆಲ್ಲ ಬರೀ ಒರಟು ಕಲ್ಲು. ಮುಟ್ಟಬೇಡಿ, ಸಾವಿರಾರು ಕೈ ಸವರಿ ಕೆಲವು ಕಡೆ ಈಗಾಗಲೇ ನುಣ್ಣಗಾಗಿದೆ. ಹೊಸದಾಗಿ ಮದುವೆಯಾದವರು ಇಲ್ಲಿಗೆ ಜಾಸ್ತಿ ಬರುತ್ತಾರೆ. ಕೈಮುಗಿಯುವವರ ಜೊತೆ ಫೋಟೋಶೂಟ್‌ನವರೂ ಬರುತ್ತಾರೆ, ಬಂದವರು ಕಂಬ ಬಿಟ್ಟು ಕದಲುವುದಿಲ್ಲ. ವಾರದ ನಡುವೆ ಹೋಗಿ ಅನ್ನುವುದಕ್ಕೆ ನನ್ನ ಕಡೆಯಿಂದ ಇದೊಂದೇ ಕಾರಣ ಸಾಕು. ಮೊಬೈಲಿನಲ್ಲಿ ಫೋಟೋ ತೆಗೆದರೆ ಯಾರೂ ಏನೂ ಅನ್ನುವುದಿಲ್ಲ. ಟ್ರೈಪಾಡ್ ಹಾಕಿಕೊಂಡು ತೆಗೆಯುವುದಾದರೆ ಇಲಾಖೆಯ ಅನುಮತಿ ಬೇಕು.

ಇನ್ನು ಕಲ್ಯಾಣಿ. ದರ್ಶನ ಮುಗಿಸಿ ಬಂದ ಬಾಗಿಲಲ್ಲೇ ಹೊರಗೆ ಹೋದಿರೋ, ತಪ್ಪಿತು. ದೇವರ ಎದುರು ನಿಂತಾಗ ಬಲಗೈ ಯಾವ ಕಡೆಗಿರುತ್ತದೋ, ಅದೇ ಉತ್ತರ. ಆ ಕಡೆಯ ಅಂಗಳ, ಮಂಟಪಗಳನ್ನು ದಾಟಿ ಹೋಗುತ್ತಲೇ ಇರಿ. ಗೋಡೆಯ ನಡುವೆ ಇದ್ದಕ್ಕಿದ್ದಂತೆ ನೆಲ ಕೆಳಕ್ಕೆ ಇಳಿಯುತ್ತದೆ. ನಾಲ್ಕೂ ದಿಕ್ಕಿನಿಂದ ಮೆಟ್ಟಿಲು, ನಡುವೆ ನೀರು. ಇದೇ ಶೃಂಗಿ ತೀರ್ಥ. ನಂದಿ ಕೊಂಬಿನಿಂದ ನೆಲ ತಿವಿದಾಗ ಗಂಗೆ ಉಕ್ಕಿದಳು, ಅವಳೇ ದಕ್ಷಿಣ ಪಿನಾಕಿನಿಯಾಗಿ ಹರಿದಳು ಅನ್ನುವುದು ಸ್ಥಳಪುರಾಣ. ಆ ಹೊಳೆ ಹೊಸಕೋಟೆ ಕಡೆಯಿಂದ ಹೊಸೂರು, ಕೃಷ್ಣಗಿರಿ ದಾಟಿ ಕಡಲೂರಿನ ಹತ್ತಿರ ಸಮುದ್ರ ಸೇರುತ್ತದೆ. ನಮ್ಮ ಕಡೆ ಮಾತ್ರ ಅದನ್ನು ಹೊಳೆ ಅಂತ ಕರೆಯಲು ಒಳ್ಳೆ ಮಳೆ ಬರಬೇಕು.

ದೊಡ್ಡಮ್ಮ ಮೊದಲ ಮೆಟ್ಟಿಲ ಮೇಲೆ ಕೂತುಬಿಟ್ಟರು. "ಇಳಿಯೋದು ಸುಲಭ ಕಣೇ, ಹತ್ತೋಕೆ ಈ ಮಂಡಿ ಬಿಡಬೇಕಲ್ಲ" ಅಂದರು. ಸರಿಯಾದ ಮಾತು. ಮೆಟ್ಟಿಲುಗಳು ಎತ್ತರ, ಹಿಡಿದುಕೊಳ್ಳಲು ಕಂಬಿ ಇಲ್ಲ. ಮಳೆಗಾಲದಲ್ಲಿ ಪಾಚಿ ಇದ್ದರೆ ಜಾರುತ್ತದೆ. ವಯಸ್ಸಾದವರು ಮೇಲೆ ಕೂತು ನೋಡುವುದೇ ಮೇಲು, ನೋಟಕ್ಕೇನೂ ನಷ್ಟವಿಲ್ಲ. ಚಿಕ್ಕ ಮಕ್ಕಳ ಕೈ ಬಿಡಲೇಬೇಡಿ. ಗೇಟಿಗೆ ಬೀಗ ಹಾಕಿದ್ದರೆ ಕಾವಲಿನವರನ್ನು ಕೇಳಿ ನೋಡಿ, ಆಗದು ಅಂದರೆ ಹೊರಗಿನಿಂದ ನೋಡಿ ಬನ್ನಿ. ಗೋಡೆ ಹತ್ತುವ ಸಾಹಸ ಬೇಡ. ಕಾಸು, ಹೂವು, ಎಣ್ಣೆ ಯಾವುದನ್ನೂ ನೀರಿಗೆ ಹಾಕಬೇಡಿ. ವಿಶೇಷ ದಿನಗಳಲ್ಲಿ ಮೆಟ್ಟಿಲುಗಳ ಮೇಲೆ ದೀಪ ಹಚ್ಚುತ್ತಾರೆ. ಅದನ್ನು ನೋಡಬೇಕು ಅಂತಿದ್ದರೆ ದೇವಸ್ಥಾನದಲ್ಲೇ ವಿಚಾರಿಸಿ ಬನ್ನಿ.

ಹುಡುಗ ಅಜ್ಜಿಯ ಪರ್ಸಿನಿಂದ ನೂರರ ನೋಟು ತೆಗೆದು, "ಅತ್ತೆ, ಇದರ ಹಿಂದೆ ಇರೋದು ಇಂಥದ್ದೇನಾ?" ಅಂದ. 2018ರಲ್ಲಿ ಬಂದ ನೇರಳೆ ಬಣ್ಣದ ನೋಟು. ಅದರ ಹಿಂದೆ ಇರುವುದು ಗುಜರಾತಿನ ಪಾಟಣದ ರಾಣಿ ಕಿ ವಾವ್. ಹನ್ನೊಂದನೇ ಶತಮಾನದಲ್ಲಿ ರಾಣಿ ಉದಯಮತಿ ತನ್ನ ಗಂಡ ಒಂದನೇ ಭೀಮನ ನೆನಪಿಗೆ ಕಟ್ಟಿಸಿದ್ದು. ಏಳು ಅಂತಸ್ತು ಭೂಮಿಯ ಒಳಕ್ಕೆ. ಸರಸ್ವತಿ ನದಿಯ ಪ್ರವಾಹದ ಹೂಳಿನಲ್ಲಿ ಮುಚ್ಚಿಹೋಗಿದ್ದನ್ನು ಪುರಾತತ್ವ ಇಲಾಖೆ ಅಗೆದು ತೆಗೆಯಿತು, 2014ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅದಕ್ಕೂ ಇದಕ್ಕೂ ವ್ಯತ್ಯಾಸ ಇದೆ. ಅಲ್ಲಿ ಒಂದು ಕಡೆಯಿಂದ ಮೆಟ್ಟಿಲು ಇಳಿದು, ಕಂಬಗಳ ಅಂತಸ್ತು ದಾಟಿ, ಕೊನೆಗೆ ಬಾವಿ ಮುಟ್ಟಬೇಕು. ನಮ್ಮದು ಮೇಲಕ್ಕೆ ಪೂರ್ತಿ ತೆರೆದದ್ದು, ಯಾವ ಕಡೆಯಿಂದ ಬೇಕಾದರೂ ಇಳಿಯಬಹುದು. ಗೋಡೆ ತುಂಬ ಶಿಲ್ಪ ಹುಡುಕಿಕೊಂಡು ಬಂದರೆ ನಿರಾಸೆ ಆಗುತ್ತದೆ. ಇಲ್ಲಿ ನೋಡಬೇಕಾದ್ದು ಮೆಟ್ಟಿಲುಗಳ ಲೆಕ್ಕಾಚಾರ.

ಆ ಲೆಕ್ಕಾಚಾರ ನಮ್ಮ ಜಿಲ್ಲೆಯಲ್ಲಿ ಹುಟ್ಟಿದವರಿಗೆ ಬೇಗ ಅರ್ಥ ಆಗುತ್ತದೆ. ಇಲ್ಲಿ ವರ್ಷ ಪೂರ್ತಿ ಹರಿಯುವ ನದಿ ಇಲ್ಲ. ಕೆಳಗೆಲ್ಲ ಬಂಡೆ, ನೀರು ನಿಲ್ಲುವುದು ಅದರ ಬಿರುಕುಗಳಲ್ಲಿ. ಮಳೆಗಾಲದಲ್ಲಿ ಮೇಲಿನ ಮೆಟ್ಟಿಲಲ್ಲೇ ಸಿಗುವ ನೀರು ಬೇಸಿಗೆಯಲ್ಲಿ ಆಳಕ್ಕೆ ಹೋಗುತ್ತದೆ. ನೀರು ಎಲ್ಲಿಗೆ ಇಳಿದರೂ ಹಿಂದೆಯೇ ಮನುಷ್ಯ ಇಳಿದು ಬಿಂದಿಗೆ ಮುಳುಗಿಸಬೇಕು, ಅದಕ್ಕೇ ಮೆಟ್ಟಿಲು. ಈಗ ಸಾವಿರ ಅಡಿ ದಾಟಿ ಬೋರ್‌ವೆಲ್ ಕೊರೆಸುತ್ತೇವೆ, ನೀರು ಎಷ್ಟು ಕೆಳಗೆ ಹೋಯಿತು ಅನ್ನುವುದು ಕಣ್ಣಿಗೆ ಕಾಣುವುದೇ ಇಲ್ಲ. ಕಲ್ಯಾಣಿಯಲ್ಲಿ ಪ್ರತಿ ಮೆಟ್ಟಿಲಿನ ಮೇಲೂ ನೀರಿನ ಕಲೆ ಗೆರೆ ಎಳೆದ ಹಾಗೆ ನಿಂತಿರುತ್ತದೆ. ಕೆಳಗಿನ ಸಾಲುಗಳನ್ನು ಗಮನಿಸಿ, ಎಲ್ಲಿವರೆಗೆ ನೀರು ಇತ್ತು ಅಂತ ನೀವೇ ಹೇಳಬಹುದು. ಮಳೆ ಮುಗಿದ ಮೇಲೆ, ಅಕ್ಟೋಬರಿನಿಂದ ಜನವರಿವರೆಗೆ ಬಂದರೆ ನೀರೂ ಇರುತ್ತದೆ, ಬಿಸಿಲೂ ಹಿತ. ಏಪ್ರಿಲ್‌ನಲ್ಲಿ ಬಂದರೆ ಮೆಟ್ಟಿಲು ಜಾಸ್ತಿ ಕಾಣುತ್ತದೆ, ಆದರೆ ಕಾಲು ಸುಡುತ್ತದೆ.

ಶಿವರಾತ್ರಿಗೆ ಇಲ್ಲಿ ದೊಡ್ಡ ಜಾತ್ರೆ, ತೇರು, ದನಗಳ ಸಂತೆ. ಜಾತ್ರೆ ನೋಡಲು ಬರುವವರು ಧಾರಾಳವಾಗಿ ಬನ್ನಿ, ಹಳ್ಳಿಕಾರ್ ಎತ್ತುಗಳನ್ನು ನೋಡುವುದೇ ಒಂದು ಸೊಗಸು. ಕಲ್ಯಾಣಿಯನ್ನೂ ಕೆತ್ತನೆಯನ್ನೂ ನಿಧಾನವಾಗಿ ನೋಡುವ ಆಸೆ ಇದ್ದರೆ ಆ ವಾರ ಬಿಟ್ಟುಬಿಡಿ.

ಆಮೇಲೆ ಬೆಟ್ಟಕ್ಕೆ ಹೋಗುವವರಿಗೆ ಒಂದು ಮಾತು. 1,478 ಮೀಟರ್ ಎತ್ತರದ ಆ ಬೆಟ್ಟದ ಮೇಲೂ ಒಂದು ಕಲ್ಯಾಣಿ ಇದೆ, ಅಮೃತ ಸರೋವರ. ಊಟೆ ನೀರಿನದ್ದು, ಅದಕ್ಕೂ ಸುತ್ತ ಮೆಟ್ಟಿಲು. 1791ರಲ್ಲಿ ಬ್ರಿಟಿಷರು ಮುತ್ತಿಗೆ ಹಾಕಿದ ಕೋಟೆ ಅದು, ಮೇಲಿರುವ ಸೈನ್ಯಕ್ಕೆ ನೀರು ಬೇಕಲ್ಲವಾ? ಕೆಳಗಿನದ್ದನ್ನು ನೋಡಿದ ದಿನವೇ ಮೇಲಿನದ್ದನ್ನೂ ನೋಡಿದರೆ ಎರಡೂ ಚೆನ್ನಾಗಿ ತಲೆಗೆ ಹತ್ತುತ್ತದೆ. ಮೇಲಿನ ಯೋಗನಂದೀಶ್ವರ ಎಲ್ಲ ಬಿಟ್ಟ ಸನ್ಯಾಸಿ, ಅವನಿಗೆ ಉತ್ಸವದ ಗದ್ದಲ ಇಲ್ಲ. ಕೆಳಗಿನವನು ಭೋಗದವನು, ತೇರು ಜಾತ್ರೆ ಎಲ್ಲ ಅವನಿಗೇ. ವಾರಾಂತ್ಯದಲ್ಲಿ ಬೆಟ್ಟಕ್ಕೆ ಗಾಡಿ ಬಿಡುವ ನಿಯಮ ಬದಲಾಗುತ್ತಿರುತ್ತದೆ, ಹೊರಡುವ ಮುಂಚೆ ತಿಳಿದುಕೊಳ್ಳಿ. ಮೇಲೆ ಕೋತಿಗಳ ಕಾಟ ಜಾಸ್ತಿ, ಕೈಯಲ್ಲಿ ತಿಂಡಿ ಹಿಡಿದು ಓಡಾಡಬೇಡಿ.

ಮಂಡಿ ನೋವಿನವರಿದ್ದರೆ ಬೆಟ್ಟ ಬಿಟ್ಟು ಮುದ್ದೇನಹಳ್ಳಿಗೆ ಹೋಗಿ, ಹತ್ತಿರವೇ. ನಾವು ಹಾಗೇ ಮಾಡಿದೆವು. ವಿಶ್ವೇಶ್ವರಯ್ಯನವರ ಊರು, ಅವರ ಮನೆ ಈಗ ವಸ್ತುಸಂಗ್ರಹಾಲಯ, ಸಮಾಧಿಯೂ ಅಲ್ಲೇ ಇದೆ. ನೀರಿಗಾಗಿ ಇಷ್ಟು ಪರದಾಡುವ ಸೀಮೆಯಲ್ಲಿ ಹುಟ್ಟಿ ಅಣೆಕಟ್ಟು ಕಟ್ಟಿದವರ ಮನೆ, ಕಲ್ಯಾಣಿ ನೋಡಿದ ಮೇಲೆ ಹೋಗಲು ಅದಕ್ಕಿಂತ ಸರಿಯಾದ ಜಾಗ ನನಗೆ ಹೊಳೆಯುವುದಿಲ್ಲ. ರಜಾ ದಿನ ಯಾವುದು ಅಂತ ಕೇಳಿಕೊಂಡು ಹೋಗಿ.

ಊಟಕ್ಕೆ ಚಿಕ್ಕಬಳ್ಳಾಪುರಕ್ಕೆ ಬಂದುಬಿಡಿ, ದೇವಸ್ಥಾನದ ಹತ್ತಿರ ಎಳನೀರು, ಸೌತೆಕಾಯಿ, ಚುರುಮುರಿ ಬಿಟ್ಟರೆ ಹೆಚ್ಚೇನೂ ನೆಚ್ಚಿಕೊಳ್ಳಬೇಡಿ. ಕುಡಿಯುವ ನೀರು ಮನೆಯಿಂದಲೇ ತನ್ನಿ. ದಾರಿಯಲ್ಲಿ ದ್ರಾಕ್ಷಿ ಮಾರುವವರು ಸಿಕ್ಕರೆ ನಿಲ್ಲಿಸಿ, ಆದರೆ ತೂಕ ಹಾಕಿಸುವ ಮುಂಚೆ ಎರಡು ಬಾಯಿಗೆ ಹಾಕಿಕೊಂಡು ನೋಡಿ. ಕಪ್ಪಗೆ ಗುಂಡಗಿರುವ ಬೆಂಗಳೂರು ಬ್ಲೂನಲ್ಲಿ ಬೀಜ ಇರುತ್ತದೆ, ಸ್ವಲ್ಪ ಹುಳಿ, ಶರಬತ್ತಿಗೆ ಚೆನ್ನ. ಮಕ್ಕಳು ಹಾಗೇ ತಿನ್ನುವುದಕ್ಕೆ ದಿಲ್‌ಕುಶ್ ಕೇಳಿ.