ಸಿಗರೇಟು ಬಿಡೋಕೆ ಇ-ಸಿಗರೇಟು ಹಿಡಿಯಬಹುದಾ?

ಸಿಗರೇಟು ಬಿಡಬೇಕು ಅಂತ ಬರುವವರ ಜೊತೆ ಕೂತು ಮಾತಾಡುವುದು ನನ್ನ ಕೆಲಸ. ಹಾಗಾಗಿ ಈ ಪ್ರಶ್ನೆ ತಪ್ಪಿದ್ದೇ ಇಲ್ಲ: "ಸಿಗರೇಟಿನ ಬದಲು ಇ-ಸಿಗರೇಟು ಸೇದಿದರೆ ಆಗಲ್ವಾ? ಅದರಲ್ಲಿ ಹೊಗೆಯೇ ಇಲ್ವಲ್ಲ?"

ಈಗಾಗಲೇ ಸೇದುತ್ತಿರುವವರು ಸಿಗರೇಟನ್ನು ಪೂರ್ತಿ ಬಿಟ್ಟು ಅದಕ್ಕೆ ಬಂದರೆ ಹಾನಿ ಕಡಿಮೆ. ಎರಡನ್ನೂ ಇಟ್ಟುಕೊಂಡರೆ ಹೇಳಿಕೊಳ್ಳುವಂಥ ಲಾಭವಿಲ್ಲ. ಯಾವತ್ತೂ ಸೇದದವರಿಗೆ ಇದು ಬೇಡವೇ ಬೇಡ.

ಹೊಗೆ ಇಲ್ಲ ಅನ್ನುವುದು ನಿಜ, ಅದು ಸಣ್ಣ ವಿಷಯವೂ ಅಲ್ಲ. ದಮ್ಮು ಎಳೆದಾಗ ಸಿಗರೇಟಿನ ತುದಿಯ ಬಿಸಿ 900 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋಗುತ್ತದೆ. ಎಲೆ ಉರಿದು ಟಾರ್, ಕಾರ್ಬನ್ ಮಾನಾಕ್ಸೈಡ್ ಸೇರಿ ಸಾವಿರಾರು ರಾಸಾಯನಿಕಗಳು ಹುಟ್ಟುತ್ತವೆ. ಅವುಗಳಲ್ಲಿ ಸುಮಾರು 70 ಕ್ಯಾನ್ಸರ್ ತರುವಂಥವು. ಚಟ ಹತ್ತಿಸುವುದು ನಿಕೋಟಿನ್. ಪ್ರಾಣ ತೆಗೆಯುವುದು ಬಹುಪಾಲು ಈ ಹೊಗೆ. 2003ರಲ್ಲಿ ಚೀನಾದ ಫಾರ್ಮಸಿಸ್ಟ್ ಹಾನ್ ಲಿಕ್ ಇ-ಸಿಗರೇಟು ರೂಪಿಸಿದ್ದು ನಿಕೋಟಿನ್ ಸಿಗಲಿ, ಉರಿಯುವುದು ಬೇಡ ಅಂತ. ಅವರೂ ಸಿಗರೇಟು ಸೇದುತ್ತಿದ್ದವರೇ.

ಒಳಗಿರುವುದು ಬ್ಯಾಟರಿ, ತಂತಿಯ ಸಣ್ಣ ಸುರುಳಿ, ಅದಕ್ಕೆ ತಾಗಿದ ಹತ್ತಿ, ನಿಕೋಟಿನ್ ಬೆರೆಸಿದ ದ್ರವ. ಸುರುಳಿ ಬಿಸಿಯಾದಾಗ ಹತ್ತಿ ಹೀರಿಕೊಂಡ ದ್ರವ ಆವಿಯಾಗುತ್ತದೆ. ದ್ರವ ಮುಗಿದ ಮೇಲೂ ಎಳೆದರೆ ಒಣಗಿದ ಹತ್ತಿ ಕಮರುತ್ತದೆ, ಗಂಟಲು ಸುಡುತ್ತದೆ. ಹೀಗೆ ಅತಿಯಾಗಿ ಕಾದಾಗ ಫಾರ್ಮಾಲ್ಡಿಹೈಡ್‌ನಂಥ ವಿಷವೂ ಹುಟ್ಟುತ್ತದೆ. ಹಾಗಾಗಿ "ಬರೀ ನೀರಿನ ಆವಿ" ಅನ್ನುವ ಮಾತನ್ನು ನಂಬಬೇಡಿ.

ನನ್ನ ಹತ್ತಿರ ಬರುವವರಲ್ಲಿ ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವುದು ಬೇರೆ ಕಡೆ. ಆಫೀಸಿನಲ್ಲಿ ಇ-ಸಿಗರೇಟು, ರಾತ್ರಿ ಊಟ ಆದ ಮೇಲೆ ಸಿಗರೇಟು. "ದಿನಕ್ಕೆ ಎರಡಕ್ಕೆ ಇಳಿಸಿದ್ದೀನಿ" ಅಂತ ಖುಷಿಯಿಂದ ಹೇಳುತ್ತಾರೆ. ಅವರ ಖುಷಿಗೆ ತಣ್ಣೀರೆರಚಲು ನನಗೂ ಬೇಜಾರು. ಆದರೆ ಹೃದಯ ಈ ಲೆಕ್ಕ ಒಪ್ಪುವುದಿಲ್ಲ. ದಿನಕ್ಕೆ ಒಂದೇ ಸಿಗರೇಟು ಸೇದಿದರೂ ಹೃದಯರೋಗದ ಹೆಚ್ಚುವರಿ ಅಪಾಯ 20 ಸೇದುವವರ ಹತ್ತಿರಹತ್ತಿರ ಅರ್ಧದಷ್ಟಿರುತ್ತದೆ. ಇಳಿಸುವುದು ಒಳ್ಳೆಯದೇ, ಆದರೆ ಸೊನ್ನೆಗೆ ಬರಬೇಕು.

ಬಿಡಿಸುವುದರಲ್ಲಿ ಇದು ಕೆಲಸ ಮಾಡುತ್ತದಾ? ಮಾಡುತ್ತದೆ. ಬ್ರಿಟನ್ನಿನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಇ-ಸಿಗರೇಟು ಪಡೆದವರಲ್ಲಿ ನೂರಕ್ಕೆ 18 ಜನ ಒಂದು ವರ್ಷದ ಹೊತ್ತಿಗೆ ಸಿಗರೇಟು ಬಿಟ್ಟಿದ್ದರು. ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್, ಅಗಿಯುವ ನಿಕೋಟಿನ್ ಗಮ್ ಇತ್ಯಾದಿ ಪಡೆದವರಲ್ಲಿ ಬಿಟ್ಟವರು 10ರಷ್ಟು. ಎರಡೂ ಕಡೆ ಆಪ್ತಸಲಹೆ ಇತ್ತು ಅನ್ನುವುದು ನೆನಪಿರಲಿ. ಆದರೆ ಇ-ಸಿಗರೇಟಿನಿಂದ ಬಿಟ್ಟವರಲ್ಲಿ ನೂರಕ್ಕೆ 80 ಜನ ವರ್ಷದ ಕೊನೆಗೂ ಇ-ಸಿಗರೇಟು ಸೇದುತ್ತಲೇ ಇದ್ದರು.

ಅದು ಯಾಕೆ ಅಂತ ನನಗೆ ಅನ್ನಿಸುವುದು ಇಷ್ಟು. ಸಿಗರೇಟು ಒಂದು ಹಂತಕ್ಕೆ ಮುಗಿಯುತ್ತದೆ, ಬಿಸಾಕಿ ಒಳಗೆ ಬರುತ್ತೀರಿ. ಇದು ಮುಗಿಯುವುದೇ ಇಲ್ಲ. ಜೇಬಿನಲ್ಲಿರುತ್ತದೆ, ಕೈ ತಾನಾಗಿ ಹೋಗುತ್ತದೆ, ಸುಮ್ನೆ ಒಂದೆರಡು ಸಲ ಎಳೆದು ಇಡುತ್ತೀರಿ. ಎಷ್ಟಾಯಿತು ಅನ್ನುವ ಲೆಕ್ಕವೇ ಸಿಗುವುದಿಲ್ಲ. ಹದಿಹರೆಯದವರ ವಿಷಯದಲ್ಲಿ ನನಗೆ ನಿಜಕ್ಕೂ ಭಯವಾಗುವುದು ಇದೇ. ಹಣ್ಣಿನ ರುಚಿ, ಗಂಟಲಿಗೆ ಉರಿಯಿಲ್ಲ, ಮನೆಯವರಿಗೆ ವಾಸನೆ ಬರುವುದಿಲ್ಲ. ಚಟ ಹತ್ತಿದ್ದು ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ.

2019ರಲ್ಲಿ ಅಮೆರಿಕದಲ್ಲಿ ಶ್ವಾಸಕೋಶ ಕೆಟ್ಟು ಜನ ಸತ್ತರಲ್ಲ ಅಂತಲೂ ಕೇಳುತ್ತಾರೆ. ಅದಕ್ಕೆ ಮುಖ್ಯ ಕಾರಣ ಗಾಂಜಾ ಅಂಶದ ಕಳ್ಳಮಾರ್ಗದ ದ್ರವಗಳಿಗೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್. ಎಲ್ಲಿಂದ ಬಂತು, ಒಳಗೇನಿದೆ ಅಂತ ಗೊತ್ತಿಲ್ಲದ್ದನ್ನು ಎಳೆಯಬೇಡಿ.

ಭಾರತವೂ ಸೇರಿ ಹಲವು ದೇಶಗಳಲ್ಲಿ ಇದರ ಮಾರಾಟಕ್ಕೆ ನಿಷೇಧವಿದೆ. ಅಂಥ ಕಡೆ ಕದ್ದು ತರಿಸುವುದಕ್ಕಿಂತ ಪ್ಯಾಚ್ ಮತ್ತು ಗಮ್ ಎರಡನ್ನೂ ಒಟ್ಟಿಗೆ ಬಳಸಿ, ಇಲ್ಲವೇ ಸಿಗರೇಟಿನ ಆಸೆ ತಗ್ಗಿಸುವ ವ್ಯಾರೆನಿಕ್ಲಿನ್ ಮಾತ್ರೆ ಬಗ್ಗೆ ಡಾಕ್ಟರನ್ನು ಕೇಳಿ. ಕಾನೂನು ಒಪ್ಪುವ ಕಡೆ ಇದ್ದರೆ, ಮೊದಲು ಸಿಗರೇಟು ಪೂರ್ತಿ ನಿಲ್ಲಲಿ. ಆಮೇಲೆ ದ್ರವದ ನಿಕೋಟಿನ್ ಪ್ರಮಾಣ ಮೆಲ್ಲಗೆ ಇಳಿಸುತ್ತಾ ಬನ್ನಿ. ಇಳಿಸುವಾಗ ಸಿಗರೇಟಿನ ಆಸೆ ಮತ್ತೆ ಎದ್ದರೆ ಅವಸರ ಬೇಡ, ಇನ್ನೂ ಕೆಲವು ವಾರ ಅದೇ ಪ್ರಮಾಣದಲ್ಲೇ ನಿಲ್ಲಿ.